ರೆಪೋ ಇಳಿದ್ರೂ ನನ್ನ ಕಂತು ಯಾಕೆ ಇಳೀಲಿಲ್ಲ?

ಪ್ರಶ್ನೆ (ಮೂಡಿಗೆರೆ): ಸರ್ ನಮಸ್ಕಾರ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ಮೂರು ಸಲ ರೇಟ್ ಇಳಿಸ್ತು, 6.5 ಇದ್ದಿದ್ದು 5.5 ಆಯ್ತು ಅಂತ ಟಿವೀಲಿ ಹೇಳಿದ್ದೇ ಹೇಳಿದ್ದು. ನಂದು ಮನೆ ಸಾಲ 20 ಲಕ್ಷ, ಕಂತು ಒಂದು ರೂಪಾಯಿ ಅಲ್ಲಾಡಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ ಸಿಸ್ಟಮ್ಮಲ್ಲಿ ಆಗಿರುತ್ತೆ ಹೋಗಿ ಅಂತಾರೆ. ಈ ರಿಸರ್ವ್ ಬ್ಯಾಂಕು ಇರೋದಾದ್ರೂ ಯಾರಿಗೆ?

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹಾಸನ): ಸಿಟ್ಟಾಗ್ಬೇಡಿ ಸರ್, ಸಿಸ್ಟಮ್ಮಲ್ಲಿ ಆಗಿದ್ರೂ ಆಗಿರಬಹುದು. ರಿಸರ್ವ್ ಬ್ಯಾಂಕ್ ನಿಮಗೂ ನಂಗೂ ಸಾಲ ಕೊಡಲ್ಲ, ಬ್ಯಾಂಕುಗಳಿಗೆ ಕೊಡುತ್ತೆ. ನಿಮ್ಮ ಬ್ಯಾಂಕಿಗೆ ಎರಡು ದಿನಕ್ಕೆ ದುಡ್ಡು ಸಾಲದೇ ಬಂದ್ರೆ ಸರ್ಕಾರಿ ಬಾಂಡ್ ಇಟ್ಟು ತಗೊಂಡ್ ಬರುತ್ತೆ, ನಾವು ಒಡವೆ ಅಡ ಇಡ್ತೀವಲ್ಲ ಹಾಗೆ, ಆ ಬಡ್ಡಿನೇ ರೆಪೋ. ಅದು ಇಳಿದಾಗ ಸುಮಾರು ಬ್ಯಾಂಕುಗಳು ಕಂತು ಮುಟ್ಟಲ್ಲ, ತಿಂಗಳು ಕಮ್ಮಿ ಮಾಡ್ತವೆ. 20 ಲಕ್ಷ, 20 ವರ್ಷ, 8.5 ಪರ್ಸೆಂಟ್ ಅಂದ್ರೆ ಕಂತು ಸುಮಾರು 17,350, ಬಡ್ಡಿ 7.5 ಆಗಿ ಅದೇ ಕಂತು ಕಟ್ತಾ ಹೋದ್ರೆ 240 ತಿಂಗಳ ಸಾಲ 205ಕ್ಕೇ ಮುಗಿಯುತ್ತೆ, ಹತ್ತತ್ರ ಮೂರು ವರ್ಷ ಉಳೀತು! ಸ್ಟೇಟ್‌ಮೆಂಟಲ್ಲಿ ಕಂತು ಬಿಟ್ಟು ಬಾಕಿ ತಿಂಗಳು ಎಷ್ಟಿದೆ ನೋಡಿ. ರೇಟ್ ಏರಿದಾಗ ಇದೇ ಉಲ್ಟಾ, 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ 4ರಿಂದ 6.5 ಆಯ್ತಲ್ಲ, ಆಗ ಎಷ್ಟೋ ಜನಕ್ಕೆ ಗೊತ್ತೇ ಆಗ್ದಂಗೆ ಸಾಲ ರಿಟೈರ್‌ಮೆಂಟ್ ದಾಟಿ ಹೋಯ್ತು.

ಪ್ರಶ್ನೆ (ಬೇಲೂರು): ಮಧ್ಯ ಬಾಯಿ ಹಾಕ್ತಿದೀನಿ, ನೋಟು ಇಲ್ಲೇ ಮೈಸೂರಲ್ಲಿ ಪ್ರಿಂಟ್ ಆಗುತ್ತಲ್ಲ, ಇನ್ನೊಂದು ನಾಲ್ಕು ಲಾರಿ ಜಾಸ್ತಿ ಹೊಡೆದು ರೈತರ ಸಾಲ ತೀರಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ ಸಾರ್?

ಉತ್ತರ: ನಿಮ್ಮ ಗಂಟೇ ಹೋಗೋದು ಅಣ್ಣ 😄 ಹಾಸನ ಮಾರ್ಕೆಟ್ಟಿಗೆ ಬರೋ ಆಲೂಗಡ್ಡೆ ಮೂಟೆ ಅಷ್ಟೇ ಇದ್ದು ಎಲ್ಲರ ಜೇಬಲ್ಲೂ ಡಬಲ್ ದುಡ್ಡು ಬಂದ್ರೆ ರೇಟ್ ಏನಾಗುತ್ತೆ ಹೇಳಿ. ಬೆಲೆ ಏರಿಕೆ 4 ಪರ್ಸೆಂಟ್ ಆಸುಪಾಸಲ್ಲಿ ಇರ್ಬೇಕು, 2ಕ್ಕಿಂತ ಕೆಳಗೆ ಬೇಡ 6 ದಾಟೋದು ಬೇಡ ಅಂತ ಸರ್ಕಾರ ಟಾರ್ಗೆಟ್ ಕೊಟ್ಟಿದೆ, ರೆಪೋ ಏರ್ಸೋದು ಇಳ್ಸೋದು ಮುಖ್ಯವಾಗಿ ಅದಕ್ಕೇ. ಆರು ಜನರ ಸಮಿತಿ ವೋಟ್ ಹಾಕುತ್ತೆ, ಮೂರು-ಮೂರು ಆದ್ರೆ ಗವರ್ನರ್ ಇನ್ನೊಂದು ವೋಟ್ ಹಾಕ್ತಾರೆ. ಮೈಸೂರು ಪ್ರೆಸ್ಸು ಹೇಳಿದಷ್ಟು ಹೊಡ್ಕೊಡುತ್ತೆ ಅಷ್ಟೇ.

ಪ್ರಶ್ನೆ (ಮೂಡಿಗೆರೆ): ಸರ್ ಪೇಪರ್ ತೆಗೆದು ನೋಡಿದೆ. 2018ರ ಸಾಲ, ಎಂಸಿಎಲ್‌ಆರ್ ಅಂತಿದೆ, ರೆಪೋ ಅನ್ನೋ ಅಕ್ಷರನೇ ಇಲ್ಲ.

ಉತ್ತರ: ಸಿಕ್ತು ನೋಡಿ ಕಳ್ಳ. 2019ರ ಅಕ್ಟೋಬರ್ 1ರಿಂದ ಈಚೆಗೆ ಬ್ಯಾಂಕುಗಳು ಕೊಡೋ ಫ್ಲೋಟಿಂಗ್, ಅಂದ್ರೆ ಬಡ್ಡಿ ಏರಿಳಿಯೋ ಮನೆ ಸಾಲಕ್ಕೆ ರೆಪೋ ಥರ ಹೊರಗಿನ ರೇಟ್ ಕಟ್ಟಲೇಬೇಕು, ಮೂರು ತಿಂಗಳಿಗೊಂದ್ಸಲನಾದ್ರೂ ಬದಲಾಯಿಸ್ಬೇಕು. ನಿಮ್ಮ ಎಂಸಿಎಲ್‌ಆರ್ ಹಳೇ ಲೆಕ್ಕ, ಬ್ಯಾಂಕಿನ ಸ್ವಂತ ಖರ್ಚು ನೋಡಿ ನಿಧಾನಕ್ಕೆ ಇಳಿಯೋದು, ಅದೂ ಸಾಮಾನ್ಯವಾಗಿ ವರ್ಷಕ್ಕೊಂದ್ಸಲ. ರೆಪೋಗೆ ಬದಲಾಯಿಸಿ ಅಂತ ಅರ್ಜಿ ಕೊಡಿ, ಫೀಸ್ ಎಷ್ಟು ಅಂತ ಮೊದಲೇ ಕೇಳಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ದೆ ಮಾತ್ರ ಬರ್ಬೇಡಿ.