24 ಪೋರ್ಟ್‌ಗಳ ಡಿಎಸ್‌ಎಲ್‌ಎಎಂ: ಸಿಂಕ್ ಇದ್ದರೂ ಅಂತರ್ಜಾಲವಿಲ್ಲ

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ಹಳೆಯ ದೂರವಾಣಿ ತಂತಿಗಳಿಗೆ 24 ಪೋರ್ಟ್‌ಗಳ ಎಡಿಎಸ್‌ಎಲ್2+ (ದೂರವಾಣಿ ತಂತಿಯಲ್ಲೇ ಅಂತರ್ಜಾಲ ಸಾಗಿಸುವ ತಂತ್ರ) ಡಿಎಸ್‌ಎಲ್‌ಎಎಂ, ಅಂದರೆ ಹಲವು ಮನೆಗಳ ಸಾಲುಗಳನ್ನು ಒಂದು ಜಾಲಕ್ಕೆ ಸೇರಿಸುವ ಉಪಕರಣ, ಜೋಡಿಸಿದ್ದೇನೆ. ಕೆಲವು ಮೋಡೆಮ್‌ಗಳು ಸಿಂಕ್ ಆದರೂ (ಉಪಕರಣದೊಂದಿಗೆ ತಂತಿಯ ಮೇಲೆ ಸಂಪರ್ಕ ಸಾಧಿಸಿದರೂ) ಐಪಿ ವಿಳಾಸ ಪಡೆಯುವುದಿಲ್ಲ. ದೂರದ ಮನೆಗಳಲ್ಲಿ ಸಂಪರ್ಕ ಆಗಾಗ ಕಡಿದುಹೋಗುತ್ತದೆ. ಕಾರಣವೇನಿರಬಹುದು?

ಉತ್ತರ 1: ಸಿಂಕ್ ಆಗಿದೆಯೆಂದರೆ ತಾಮ್ರದ ಜೋಡಿ ಸರಿಯಿದೆಯೆಂದಷ್ಟೇ ಅರ್ಥ. ಮೋಡೆಮ್‌ನ ವಿಪಿಐ ಮತ್ತು ವಿಸಿಐ ಮೌಲ್ಯಗಳು (ದತ್ತಾಂಶ ಸಾಗುವ ಹಾದಿಯನ್ನು ಗುರುತಿಸುವ ಸಂಖ್ಯೆಗಳು), ಉದಾಹರಣೆಗೆ 0/35, ಆ ಪೋರ್ಟಿನ ಮೌಲ್ಯಗಳೊಂದಿಗೆ ಹೊಂದದಿದ್ದರೆ ಅಥವಾ ಪೋರ್ಟಿನ ವಿಎಲ್ಎಎನ್ (ಜಾಲದೊಳಗಿನ ಪ್ರತ್ಯೇಕ ಉಪಜಾಲ) ಮುಖ್ಯ ಜಾಲದತ್ತ ಹೋಗುವ ಅಪ್‌ಲಿಂಕ್‌ನಲ್ಲಿ ಇಲ್ಲದಿದ್ದರೆ ದತ್ತಾಂಶ ಮುಂದೆ ಸಾಗುವುದಿಲ್ಲ.

ಉತ್ತರ 2: ದೂರದ ಸಾಲುಗಳಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲವನ್ನು ತಾಳಲು ಸಂಕೇತಕ್ಕಿರುವ ಹೆಚ್ಚುವರಿ ಬಲ) 6 ಡೆಸಿಬೆಲ್‌ಗಿಂತ ಕೆಳಗಿಳಿಯುತ್ತಿದೆಯೇ ಎಂದು ಮೊದಲು ನೋಡಿ. ಹಾಗಿದ್ದರೆ ಗರಿಷ್ಠ ವೇಗವನ್ನು ತಗ್ಗಿಸಿ, ಇಂಟರ್‌ಲೀವಿಂಗ್ (ದೋಷ ಸರಿಪಡಿಸಲು ನೆರವಾಗುವಂತೆ ದತ್ತಾಂಶವನ್ನು ಹರಡಿ ಕಳಿಸುವ ವಿಧಾನ) ಸಕ್ರಿಯಗೊಳಿಸಿ. ವಿಳಂಬ ಸ್ವಲ್ಪ ಹೆಚ್ಚಿದರೂ ಸ್ಥಿರತೆಯೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಪ್ರತಿ ದೂರವಾಣಿಗೂ ಧ್ವನಿ ಮತ್ತು ಅಂತರ್ಜಾಲ ಸಂಕೇತಗಳನ್ನು ಬೇರ್ಪಡಿಸುವ ಫಿಲ್ಟರ್ ಇರಲೇಬೇಕು.

ಪ್ರಶ್ನಿಸಿದವರು: ವಿಸಿಐ ತಪ್ಪಾಗಿತ್ತು, ಸರಿಪಡಿಸಿದೆ. ಧನ್ಯವಾದಗಳು.

ಉತ್ತರ 1: ಸಂರಚನೆಯನ್ನು ಶಾಶ್ವತ ಸ್ಮೃತಿಗೆ ಉಳಿಸಿ, ಪೋರ್ಟ್ ಪ್ರತ್ಯೇಕತೆಯನ್ನೂ (ಒಂದು ಮನೆಯ ದತ್ತಾಂಶ ಇನ್ನೊಂದು ಮನೆಗೆ ನೇರವಾಗಿ ತಲುಪದಂತಿರುವುದನ್ನು) ಪರಿಶೀಲಿಸಿ.