ಬೇಜ್ ಇಂಟೀರಿಯರ್‌ನ ಮನೆಯಲ್ಲೇ ಕಪ್ಪು ಮಾಡ್ಬಹುದಾ? (2014 ಡಿಸೈರ್)

ಬಿಳಿ ಡಿಸೈರ್, ತುಮಕೂರು

ಎಲ್ರಿಗೂ ನಮಸ್ಕಾರ. ನಮ್ದು 2014ರ ಡಿಸೈರ್ ಡೀಸೆಲ್ಲು, ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ, ಮಾರೋ ಯೋಚನೆ ಇಲ್ಲ. ಒಳಗಡೆ ಡ್ಯಾಶ್‌ಬೋರ್ಡ್ ಮೇಲ್ಗಡೆ ಕಪ್ಪು, ಕೆಳಗಿನ ಅರ್ಧ, ಡೋರ್ ಪ್ಯಾಡು, ಪಿಲ್ಲರು, ರೂಫು ಎಲ್ಲಾ ಬೇಜ್ ಕಲರ್. ಮಕ್ಕಳ ಶೂ ಗುರುತು, ಜೀನ್ಸ್ ಬಣ್ಣ ಹತ್ತಿರೋದು ಎಲ್ಲಾ ಸೇರಿ ಎಷ್ಟು ಒರೆಸಿದ್ರೂ ಮಂಕಾಗೇ ಕಾಣುತ್ತೆ. ಅಂಗಡೀಲಿ ಕೇಳಿದ್ರೆ ಪೂರ್ತಿ ಬಿಚ್ಚಿ ಮಾಡ್ಬೇಕು ಅಂತ ದೊಡ್ಡ ಮೊತ್ತನೇ ಹೇಳ್ತಾರೆ. ಸ್ಪ್ರೇ ಡಬ್ಬಿ ತಂದು ಮನೆಯಲ್ಲೇ ಹೊಡೆದ್ರೆ ನಿಲ್ಲುತ್ತಾ ಅಥವಾ ಸ್ವಲ್ಪ ದಿನಕ್ಕೇ ಸಿಪ್ಪೆ ಏಳುತ್ತಾ? ಸೀಟಿಗೂ ಅದೇ ಹೊಡೀಬಹುದಾ? ಆರ್‌ಸಿಲಿ ಏನಾದ್ರೂ ಬದಲಾಯಿಸ್ಬೇಕಾ?

ಸ್ಪ್ಯಾನರ್ ಪ್ರೇಮಿ

ನಿಲ್ಲುತ್ತೆ ಸರ್, ಆದ್ರೆ ಬಣ್ಣದಿಂದಲ್ಲ, ಅದಕ್ಕೆ ಮುಂಚಿನ ತಯಾರಿಯಿಂದ. ಮೊದಲು ಒಂದು ಡೋರ್ ಪ್ಯಾಡ್ ಬಿಚ್ಚಿ ಹಿಂದ್ಗಡೆ ನೋಡಿ, ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಅದ್ರಲ್ಲೇ ಅಚ್ಚೊತ್ತಿರ್ತಾರೆ, ಎಬಿಎಸ್ ಅಂತಲೋ ಪಿಪಿ ಅಂತಲೋ, ಕೆಲವದ್ರಲ್ಲಿ ಪಿಪಿ-ಟಿಡಿ20 ಅಂತಿರುತ್ತೆ, ಅದು ಪಾಲಿಪ್ರೊಪಿಲೀನ್‌ಗೆ 20% ಟಾಲ್ಕ್ ಪುಡಿ ಬೆರೆಸಿರೋದು. ಎಬಿಎಸ್ ಬಣ್ಣನ ಚೆನ್ನಾಗಿ ಹಿಡ್ಕೊಳುತ್ತೆ. ಪಿಪಿ ಹಿಡ್ಕೊಳಲ್ಲ, ಅದ್ರ ಮೇಲೆ ನೀರು ಹಾಕಿದ್ರೂ ಹರಡ್ದೆ ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತೆ, ಬಣ್ಣಾನೂ ಅಷ್ಟೇ, ಒಣಗ್ದಾಗ ಚೆನ್ನಾಗೇ ಕಾಣುತ್ತೆ, ಆಮೇಲೆ ಉಗುರು ತಗುಲಿದ್ರೆ ಹಾಳೆ ಹಾಳೆಯಾಗಿ ಎದ್ದು ಬರುತ್ತೆ. ಅದಕ್ಕೆ ಅಡ್ಹೀಷನ್ ಪ್ರೊಮೋಟರ್, ಅಂದ್ರೆ ಬಣ್ಣ ಪ್ಲಾಸ್ಟಿಕ್‌ಗೆ ಕಚ್ಕೊಳೋ ಹಾಗೆ ಮಾಡೋ ಮೊದಲ ಕೋಟು, ಬೇಕೇ ಬೇಕು. ಕಾರ್ ಪೇಂಟ್ ಮಿಕ್ಸ್ ಮಾಡೋ ಅಂಗಡೀಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿ, ಕೊಡುವಾಗ್ಲೇ ಪಿಪಿಗೆ ಆಗುತ್ತಾ ಅಂತ ಡಬ್ಬಿ ಮೇಲೆ ಓದ್ಕೊಳಿ, ಬರೀ ಎಬಿಎಸ್‌ಗೆ ಆಗೋದೂ ಅದೇ ಹೆಸರಲ್ಲಿ ಸಿಗುತ್ತೆ.

ಇದಕ್ಕಿಂತ ದೊಡ್ಡ ಶತ್ರು ಡ್ಯಾಶ್‌ಬೋರ್ಡ್ ಪಾಲಿಶ್. ವರ್ಷಗಟ್ಲೆ ಹಚ್ಚಿರ್ತೀವಲ್ಲ ಹೊಳಪು ಬರ್ಲಿ ಅಂತ, ಅದ್ರಲ್ಲಿ ಸಿಲಿಕೋನ್ ಇರುತ್ತೆ, ಅದು ಗ್ರೇನ್ (ಪ್ಲಾಸ್ಟಿಕ್ ಮೇಲಿನ ತರಿತರಿ ವಿನ್ಯಾಸ) ಸಂದೀಲಿ ಕೂತಿದ್ರೆ ಬಣ್ಣ ಹೊಡೆದ ತಕ್ಷಣ ಮೀನಿನ ಕಣ್ಣಿನ ತರ ಸಣ್ಣ ಸಣ್ಣ ಗುಂಡಿ ಬೀಳುತ್ತೆ, ಆಮೇಲೆ ಎಷ್ಟು ಕೋಟ್ ಕೊಟ್ರೂ ಮುಚ್ಚಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್, ಬಿಸಿನೀರು, ಹಳೇ ಟೂತ್‌ಬ್ರಶ್ ಹಾಕಿ ಉಜ್ಜಿ ತೊಳೀರಿ, ಪೂರ್ತಿ ಒಣಗ್ಸಿ, ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಲ್ಲಿ ಹೊಳಪು ಹೋಗೋವರೆಗೂ ಹಗುರಕ್ಕೆ ತಿಕ್ಕಿ, ಕೊನೇಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದ ಬಟ್ಟೇಲಿ ಒರೆಸಿ, ಬಟ್ಟೆ ಬದಲಾಯಿಸ್ತಾ ಇರಿ. ಥಿನ್ನರ್, ಅಸಿಟೋನ್ ಬೇಡ, ಎಬಿಎಸ್‌ನ ಕರಗಿಸಿಬಿಡುತ್ತೆ. ಇದಾದ್ಮೇಲೆ ಬರಿಗೈಯಲ್ಲಿ ಮುಟ್ಬೇಡಿ.

ಬಣ್ಣ ಹೊಡೆಯೋದು ಇದ್ರಲ್ಲಿ ಸುಲಭದ ಕೆಲಸ. ಮೊದಲ್ನೇ ಕೋಟ್ ಅರ್ಧಂಬರ್ಧ ಕಾಣೋ ಹಾಗೆ ತೆಳ್ಳಗೆ ಹೊಡೀರಿ, ಒಂದೇ ಸಲ ಮುಚ್ಚೋಕೆ ಹೋದ್ರೆ ಗ್ರೇನ್ ತುಂಬ್ಕೊಂಡು ಬಕೆಟ್ ಪ್ಲಾಸ್ಟಿಕ್ ತರ ಕಾಣುತ್ತೆ. ಮ್ಯಾಟ್ ಫಿನಿಶ್ಶೇ ತಗೊಳಿ, ಗ್ಲಾಸಿ ಹೊಡೆದ್ರೆ ಬಿಸಿಲಲ್ಲಿ ಮುಂದಿನ ಗ್ಲಾಸಿಗೆ ಪ್ರತಿಬಿಂಬ ಬಿದ್ದು ರಸ್ತೆನೇ ಸರಿಯಾಗಿ ಕಾಣಲ್ಲ. ಆರ್‌ಸಿಲಿ ಇರೋದು ಹೊರಗಿನ ಬಾಡಿ ಕಲರ್, ಒಳಗಿಂದು ಬರೆದಿರಲ್ಲ, ಅದ್ರ ಚಿಂತೆ ಬಿಡಿ.

ಬಿಸಿಲೂರು

ಅಣ್ಣಾರ, ಕಪ್ಪ್ ಮಾಡೂದು ನಿಮ್ಮ ಇಷ್ಟರಿ, ಆದ್ರ ರೂಫ್ ಮತ್ತ ಪಿಲ್ಲರ್ ಹಂಗೇ ಬಿಡ್ರಿ ಅಂತ ಕೈ ಮುಗದು ಹೇಳ್ತೀನಿ. ಕಲಬುರಗಿದಾಗ ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟ್ತದ, ಬಿಸಲಾಗ ನಿಂತ ಗಾಡಿ ಬಾಗಲಾ ತಗದ್ರ ಕಪ್ಪ್ ಪ್ಲಾಸ್ಟಿಕ್ ಮುಟ್ಟಾಕ ಆಗಂಗಿಲ್ಲ. ತುಮಕೂರಾಗ ಅಷ್ಟ ಇರಲಿಕ್ಕಿಲ್ಲ ಖರೆ, ಆದ್ರ ಮ್ಯಾಲಿಂದ ಕೆಳಗ ತನಕಾ ಕಪ್ಪ್ ಆದ್ರ ಸಣ್ಣ ಗಾಡಿ ಇನ್ನೂ ಇಕ್ಕಟ್ಟ ಕಾಣ್ತದ. ರೂಫ್ ಅಂದ್ರ ಪ್ಲಾಸ್ಟಿಕ್ ಅಲ್ಲರಿ, ತೆಳ್ಳನ ಬಟ್ಟಿ, ಅದ್ರ ಹಿಂದ ಸ್ಪಂಜು, ಸ್ಪ್ರೇ ಹೊಡದ್ರ ಬಟ್ಟಿ ಬಿರುಸಾಗ್ತದ, ಗಮ್ ಸಡಲಾದ್ರ ಜೋತು ಬೀಳ್ತದ. ಕೆಳಗಿನ ಡ್ಯಾಶ್, ಡೋರ್ ಪ್ಯಾಡ್, ಕನ್ಸೋಲ್ ಇಷ್ಟ ಮಾಡ್ರಿ, ಹೊಲಸ ಆಗೂದೂ ಅಲ್ಲೇ ಅಲ್ರಿ.

ಸೀಟ್ ಬೆಲ್ಟ್ ಹಾಕಿ

ಎಲ್ಲಾ ಸರಿ, ಆದ್ರೆ ಏರ್‌ಬ್ಯಾಗ್ ವಿಷ್ಯ ಯಾರೂ ಎತ್ತೇ ಇಲ್ವಲ್ಲ. ನಿಮ್ಮ ವೇರಿಯಂಟ್‌ನಲ್ಲಿ ಇದ್ರೆ ಸ್ಟೀರಿಂಗ್ ನಡುವಿನ ಪ್ಯಾಡ್ ಮತ್ತೆ ಪ್ಯಾಸೆಂಜರ್ ಕಡೆ ಎಸ್‌ಆರ್‌ಎಸ್ ಅಂತ ಬರೆದಿರೋ ಮುಚ್ಚಳ ಎರಡನ್ನೂ ಮುಟ್ಬೇಡಿ. ಆ ಮುಚ್ಚಳ ಸರಿಯಾದ ಗೆರೇಲೇ ಸೀಳಿ ತೆರ್ಕೊಳೋ ಹಾಗೆ ಮಾಡಿರ್ತಾರೆ, ಅದ್ರ ಮೇಲೆ ಬಣ್ಣ, ಫಿಲ್ಮ್, ಗಮ್ ಏನೇ ಹಾಕಿದ್ರೂ ತೆರ್ಕೊಳೋ ರೀತಿ ಬದಲಾಗ್ಬಹುದು, ಒಣಗಿದ ಬಣ್ಣದ ಚಕ್ಕೆ ಮುಖಕ್ಕೆ ಹಾರ್ಬಹುದು. ಡ್ಯಾಶ್ ಪ್ಯಾನೆಲ್ ಬಿಚ್ಚೋಕೆ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ, ಹಳದಿ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗ್‌ದು, ಎಳೀಬೇಡಿ.

ಸೀಟ್ ಬಗ್ಗೆ ಕೇಳಿದ್ರಿ. ಬಟ್ಟೆ ಸೀಟಿಗೆ ಪ್ಲಾಸ್ಟಿಕ್ ಪೇಂಟ್ ಹೊಡೀಲೇಬೇಡಿ, ಗಟ್ಟಿಯಾಗಿ ಚುಚ್ಚುತ್ತೆ, ಬೆವರಿಗೆ ಅಂಗಿಗೂ ಹತ್ಬಹುದು. ಒಳ್ಳೆ ಕವರ್ ಹೊಲಿಸಿ. ಬೆಂಗಳೂರಿಗೆ ಬಂದ್ರೆ ಜೆಸಿ ರೋಡಲ್ಲಿ ಸಾಲು ಅಂಗಡಿ ಇದಾವೆ, ಬಟ್ಟೆ ಮುಟ್ಟಿ ನೋಡಿ ಆರಿಸ್ಬಹುದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರೋ ಗಾಡಿಯವ್ರು ಮಾತ್ರ ಅದಕ್ಕೆ ಅಂತ್ಲೇ ಹೊಲಿದಿರೋ ಕವರ್ ಹಾಕಿಸ್ಬೇಕು.

ಕರಾವಳಿ ಚಾಲಕ

ಮಾರಾಯ್ರೆ, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕ್ಬೇಡಿ. ನಮ್ಮ ಮಂಗಳೂರು ಕಡೆ ಜೂನ್ ಜುಲೈಯಲ್ಲಿ ಗಾಳಿಯಲ್ಲಿ ಅಷ್ಟೂ ನೀರೇ, ಸ್ಪ್ರೇ ಒಣಗುವಾಗ ಮೇಲ್ಮೈ ತಂಪಾಗಿ ತೇವ ಕೂತು ಕಪ್ಪು ಬಣ್ಣ ಬೆಳ್ಳಗೆ ಮಂಜು ಹಿಡಿದ ಹಾಗೆ ಆಗ್ತದೆ. ಇನ್ನೊಂದು, ಗಾಡಿ ಒಳಗೆ ಕೂತು ಹೊಡೀಬೇಡಿ, ಪ್ಯಾನೆಲ್ ಬಿಚ್ಚಿ ಹೊರಗೆ ತಂದೇ ಮಾಡಿ. ಬಟ್ಟೆ ಮಾಸ್ಕಿನಲ್ಲಿ ಆ ಹೊಗೆ ನಿಲ್ಲುವುದಿಲ್ಲ, ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಡಬ್ಬಿಯ ಗ್ಯಾಸ್ ಬೆಂಕಿ ಹಿಡಿಯುವಂಥದ್ದು, ಹತ್ತಿರ ಒಲೆ, ದೇವರ ದೀಪ ಯಾವುದೂ ಉರಿಯುತ್ತಾ ಇರಬಾರ್ದು.

ಬಿಚ್ಚುವಾಗ ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಪ್ರೈ ಟೂಲ್ ಸಿಗ್ತದೆ. ಹಳೆ ಗಾಡಿಯ ಕ್ಲಿಪ್ ಗಡಸಾಗಿ ಮುರಿಯುವುದೇ ಜಾಸ್ತಿ, ಮೊದಲೇ ಒಂದಷ್ಟು ತಂದಿಟ್ಕೊಳ್ಳಿ, ಇಲ್ಲದಿದ್ರೆ ಆಮೇಲೆ ಡೋರು ಗಡಗಡ ಹೇಳ್ತದೆ. ಮತ್ತೆ ಸುಮ್ಮನೆ ಒಂದು ಯೋಚನೆ, ಅದೇ ಶೇಪಿನ ಸ್ವಿಫ್ಟ್‌ನಲ್ಲಿ ಕಪ್ಪು ಇಂಟೀರಿಯರ್ ಬರ್ತಿತ್ತಲ್ಲ, ಶಿವಾಜಿನಗರದ ಗುಜರಿ ಕಡೆ ವಿಚಾರಿಸಿ ನೋಡಿ, ಯಾವ ಪ್ಯಾನೆಲ್ ಕೂರ್ತದೆ ಅಂತ ನಿಮ್ಮದನ್ನು ಪಕ್ಕದಲ್ಲಿಟ್ಟು ನೋಡಿಯೇ ತಗೊಳ್ಳಿ. ಅಚ್ಚಿನಲ್ಲೇ ಕಪ್ಪಾಗಿ ಬಂದದ್ದು ಗೀಚಿದ್ರೂ ಕಪ್ಪೇ.

ಬಿಳಿ ಡಿಸೈರ್, ತುಮಕೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಏರ್‌ಬ್ಯಾಗ್ ವಿಷ್ಯ ನನ್ನ ತಲೇಲೇ ಇರ್ಲಿಲ್ಲ. ರೂಫು, ಪಿಲ್ಲರ್ ಬಿಟ್ಬಿಡ್ತೀನಿ. ಡೋರ್ ಪ್ಯಾಡ್ ಹಿಂದೆ ನೋಡ್ದೆ, ಪಿಪಿ ಅಂತಲೇ ಇದೆ. ಬಾಗ್ಲು ಎಳೆಯೋ ಹಿಡಿಕೆಗೂ ಬಣ್ಣ ಹೊಡೀಲಾ? ದಿನಾ ಕೈ ತಾಗೋ ಜಾಗ ಅದು.

ಸ್ಪ್ಯಾನರ್ ಪ್ರೇಮಿ

ಹಿಡಿಕೆ ಬೇಡ ಸರ್, ಉಂಗುರ, ಬೆವರು, ಸ್ಯಾನಿಟೈಸರ್ ಎಲ್ಲಾ ತಾಗಿ ಮೊದಲು ಹೋಗೋದೇ ಅಲ್ಲಿಂದ. ಅದೊಂದನ್ನ ಕಪ್ಪು ಹಿಡಿಕೆ ಸಿಕ್ರೆ ಬದಲಾಯಿಸ್ಬಿಡಿ. ಶುರು ಮಾಡೋಕೆ ಮುಂಚೆ ಡೋರ್ ಪ್ಯಾಡಿನ ಒಳಮೈಯಲ್ಲಿ ಅಂಗೈಯಗಲ ಜಾಗಕ್ಕೆ ಪ್ರೊಮೋಟರ್, ಬಣ್ಣ ಎರಡೂ ಹೊಡೆದು ಒಂದು ವಾರ ಬಿಡಿ, ಆಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ ರಪ್ಪಂತ ಕೀಳಿ. ಟೇಪಿಗೆ ಏನೂ ಬರ್ಲಿಲ್ಲ ಅಂದ್ರೆ ಮುಂದುವರೀರಿ, ಬಂತು ಅಂದ್ರೆ ಇಲ್ಲೇ ಫೋಟೋ ಹಾಕಿ ನೋಡೋಣ.