ಬಿಷಪ್ ಅಜರಯ್ಯ ಅವರ ಬಗ್ಗೆ ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ:
ಬರುವ ಭಾನುವಾರ ಸಂಡೇ ಸ್ಕೂಲ್‌ನಲ್ಲಿ ವಿ. ಎಸ್. ಅಜರಯ್ಯ ಅವರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಆಂಗ್ಲಿಕನ್ ಸಭೆಯ (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯ ಸಭೆ) ಮೊದಲ ಭಾರತೀಯ ಬಿಷಪ್ ಅಂತ ಗೊತ್ತು. ಸುಮ್ನೆ ಇಸವಿಗಳನ್ನು ಓದಿದರೆ ಮಕ್ಕಳು ಕೇಳಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
1910ರಿಂದ ಶುರು ಮಾಡಿ. ಎಡಿನ್‌ಬರೋದಲ್ಲಿ ದೊಡ್ಡ ಮಿಷನರಿ ಸಮ್ಮೇಳನ. ಅಲ್ಲಿ ಬಹುಪಾಲು ಬಿಳಿಯರೇ. ತಿರುನೆಲ್ವೇಲಿ ಕಡೆಯ ಹಳ್ಳಿ ಸಭಾಪಾಲಕರ ಮಗ, 35 ವರ್ಷದ ಅಜರಯ್ಯ, ಎದ್ದು ನಿಂತು ಮಿಷನರಿಗಳಿಗೂ ಭಾರತೀಯ ಕ್ರೈಸ್ತರಿಗೂ ಇರುವ ಸಂಬಂಧ ಸರಿಯಿಲ್ಲ ಅಂತ ನೇರವಾಗಿ ಹೇಳಿದರು. ನೀವು ಬಡವರಿಗಾಗಿ ಆಸ್ತಿ ಕೊಟ್ಟಿರಿ, ಸುಡುವುದಕ್ಕೆ ಮೈಯನ್ನೂ ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಬೈಬಲ್‌ನಲ್ಲಿ ಪ್ರೀತಿಯ ಬಗ್ಗೆ ಇರುವ ಅಧ್ಯಾಯ, ಒಂದನೆಯ ಕೊರಿಂಥ 13, ನೆನಪಾಗುತ್ತೆ ಅಲ್ವಾ? ಅದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಎರಡೇ ವರ್ಷಕ್ಕೆ, 1912ರ ಡಿಸೆಂಬರ್ 29ರಂದು, ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರ ಬಿಷಪ್ ಅಭಿಷೇಕ ಆಯಿತು. ಭಾರತೀಯನಿಗೆ ಈ ಪದವಿ ಬೇಡ ಅಂದ ಮಿಷನರಿಗಳೂ ಇದ್ದರು. ಆದರೆ ಮದ್ರಾಸಿನ ಬಿಷಪ್ ವೈಟ್‌ಹೆಡ್ ಅವರ ಬೆನ್ನಿಗೆ ನಿಂತರು.

ಅವರಿಗೆ ಸಿಕ್ಕಿದ್ದು ನಿಜಾಮರ ಸೀಮೆಯ (ಈಗಿನ ತೆಲಂಗಾಣದ) ಡೋರ್ನಕಲ್. ಮನೆಮಾತು ತಮಿಳು, ಅಲ್ಲಿಯ ಜನರದ್ದು ತೆಲುಗು. ಕಲಿತರು. ಹಳ್ಳಿ ಹಳ್ಳಿ ತಿರುಗಿದರು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಆಗ ಅಸ್ಪೃಶ್ಯರೆನ್ನುತ್ತಿದ್ದ ಮಾಲ, ಮಾದಿಗ ಜನರೇ ಜಾಸ್ತಿ. 1945ರ ಜನವರಿ 1ರಂದು ತೀರಿಕೊಳ್ಳುವ ತನಕ ಅಲ್ಲಿಯ ಬಿಷಪ್ ಆಗಿಯೇ ಇದ್ದರು.

ಒಮ್ಮೆ ವಿಜಯವಾಡಕ್ಕೆ ಹೋಗುವಾಗ ಅವರ ಕೆಥೆಡ್ರಲ್ ನೋಡಲೆಂದೇ ಡೋರ್ನಕಲ್‌ನಲ್ಲಿ ಇಳಿದಿದ್ದೆ. 1939ರಲ್ಲಿ ಪ್ರತಿಷ್ಠೆಯಾದದ್ದು. ಮಸೀದಿಯಂಥ ಗುಮ್ಮಟ, ಮಿನಾರು, ದೇವಸ್ಥಾನದಂಥ ಕಂಬ. ಕ್ರಿಸ್ತನನ್ನು ನಂಬಲು ಇಂಗ್ಲಿಷ್ ಗೋಡೆಗಳು ಬೇಕಿಲ್ಲ ಅಂತ ಅವರು ಕಲ್ಲಲ್ಲೇ ಬರೆದಿಟ್ಟಿದ್ದಾರೆ ಅನ್ನಿಸಿತು. ಇದರ ಚಿತ್ರವನ್ನು ಮಕ್ಕಳಿಗೆ ತಪ್ಪದೆ ತೋರಿಸಿ.

ಉತ್ತರ 2:
ದೊಡ್ಡ ಮಕ್ಕಳಿದ್ದರೆ ಗಾಂಧೀಜಿ ವಿಷಯವನ್ನೂ ಹೇಳಿ. 1930ರ ದಶಕದಲ್ಲಿ ಮತಾಂತರದ ಬಗ್ಗೆ ಇಬ್ಬರಿಗೂ ಗಟ್ಟಿ ಭಿನ್ನಾಭಿಪ್ರಾಯ ಇತ್ತು. ಆದರೆ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ (ಕ್ರೈಸ್ತರೇ ತಮ್ಮ ಪ್ರತಿನಿಧಿಯನ್ನು ಆರಿಸುವ ವ್ಯವಸ್ಥೆ) ಬೇಡ ಅಂತ ಅಜರಯ್ಯನವರೇ ಹೇಳಿದ್ದರು. ಇದನ್ನು ಮುಚ್ಚಿಡಬಾರದು.

ಉತ್ತರ 1:
ನಿಜ, ಸೇರಿಸಿ. ಇನ್ನೊಂದು. ಬೇರೆ ಬೇರೆ ಕ್ರೈಸ್ತ ಪಂಗಡಗಳ ಸಭೆಗಳು ಒಂದಾಗಬೇಕು ಅಂತ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಸೇರಿದ್ದ ಸಮಾಲೋಚನೆಯಿಂದಲೂ ದುಡಿದವರು ಅವರು. ಹಾಗೆ ಒಂದಾದ ಸಭೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಅವರು ನೋಡಲಿಲ್ಲ.

ಪ್ರಶ್ನೆ ಕೇಳಿದವರು:
ನಮ್ಮದು ಮೈಸೂರು ಕಡೆಯ ಹಳೇ ವೆಸ್ಲಿಯನ್ (ಮೆಥಡಿಸ್ಟ್) ಸಭೆ, ಈಗ ಸಿಎಸ್‌ಐ. ಹಾಗಾದರೆ ಇದು ನಮ್ಮನೆ ಕಥೆಯೂ ಹೌದು. ಕೊರಿಂಥ 13 ಮಕ್ಕಳಿಗೆ ಬಾಯಿಪಾಠ ಇದೆ. ಅದನ್ನು ಹೇಳಿಸಿಯೇ ಶುರು ಮಾಡುತ್ತೇನೆ.